ಡೈರೆಕ್ಟರಿ ಸರ್ವರ್ ಬಿದ್ದರೂ ಲಾಗಿನ್ ನಿಲ್ಲಬಾರದು: ಬಳ್ಳಾರಿ, ಕೊಪ್ಪಳದ ಮೂರು ಸರ್ವರ್‌ಗಳ ಫೇಲ್‌ಓವರ್ ಮಾರ್ಗದರ್ಶಿ

ಏಪ್ರಿಲ್ ತಿಂಗಳು. ಬೆಳಿಗ್ಗೆ 6 ಗಂಟೆಗೆ ಎ ಶಿಫ್ಟ್ ಶುರುವಾಗಿ ಹತ್ತು ನಿಮಿಷ ಆಗಿತ್ತು. ಕೊಪ್ಪಳ ಕಡೆಯ ಕಾರ್ಖಾನೆಯಲ್ಲಿ ಲಾರಿ ತೂಗುವ ಕಾಟಾದಿಂದ ಫೋನ್ ಬಂತು. "ಸರ್, ಕಾಟಾದಾಗ ಲಾಗಿನ್ ಆಗವಲ್ದ್ರೀ. ಲಾರಿ ಸಾಲಾಗಿ ನಿಂತಾವ." ಅದರ ಹಿಂದೆಯೇ ಸ್ಟೋರ್ಸ್‌ನಿಂದ ಇನ್ನೊಂದು ಫೋನ್. ಆಮೇಲೆ ಗೇಟಿನ ಹಾಜರಿಯವರದು. ಬಳ್ಳಾರಿಯ ಮುಖ್ಯ ಕಚೇರಿಯಲ್ಲಿ ರಾತ್ರಿ ಎಸಿ ಕೆಟ್ಟಿತ್ತು. ಕೋಣೆ ಕಾದು ಡೈರೆಕ್ಟರಿ ಸರ್ವರ್, ಅಂದರೆ ಎಲ್ಲರ ಹೆಸರು, ಪಾಸ್‌ವರ್ಡ್ ಇಟ್ಟುಕೊಂಡು ಪ್ರತಿ ಲಾಗಿನ್‌ಗೂ ಹೌದು-ಇಲ್ಲ ಹೇಳುವ ಯಂತ್ರ, ತಾನೇ ಆಫ್ ಆಗಿತ್ತು.

ನಮ್ಮ ಹತ್ತಿರ ಎರಡನೇ ಸರ್ವರ್ ಇರಲಿಲ್ಲ ಅಂದುಕೊಳ್ಳಬೇಡಿ. ಇತ್ತು. ಕಟ್ಟಡದ ಇನ್ನೊಂದು ಮೂಲೆಯಲ್ಲಿ ಆರಾಮಾಗಿ ಓಡುತ್ತಿತ್ತು. ಅದರಲ್ಲಿ ಎಲ್ಲರ ಹೆಸರು, ಪಾಸ್‌ವರ್ಡ್, ಗುಂಪು ಎಲ್ಲವೂ ಇದ್ದವು. ಆದರೆ ಒಂದು ಅಪ್ಲಿಕೇಶನ್ ಕೂಡ ಅದರ ಬಾಗಿಲು ಬಡಿಯಲಿಲ್ಲ. ಎಲ್ಲದರಲ್ಲೂ ಮೊದಲ ಸರ್ವರ್‌ನ ಐಪಿ ವಿಳಾಸವನ್ನೇ ಬರೆದಿಟ್ಟಿದ್ದೆವು. ಬರೆದವನು ನಾನೇ.

ಆವತ್ತಿನಿಂದ ನಾನು ಫೇಲ್‌ಓವರ್ ಅನ್ನು, ಅಂದರೆ ಒಂದು ಸರ್ವರ್ ಬಿದ್ದರೆ ಇನ್ನೊಂದು ಕೆಲಸ ಎತ್ತಿಕೊಳ್ಳುವುದನ್ನು, ಸರ್ವರ್ ಕಡೆಯಿಂದ ನೋಡುವುದು ಬಿಟ್ಟೆ. ಕಾಟಾದಲ್ಲಿ ಕೂತವರ ಕಡೆಯಿಂದ ನೋಡುತ್ತೇನೆ. ಈ ಮಾರ್ಗದರ್ಶಿಯನ್ನೂ ಹಾಗೇ ಬರೆದಿದ್ದೇನೆ. ಡೈರೆಕ್ಟರಿಯ ಸಾಫ್ಟ್‌ವೇರ್ ಓಪನ್‌ಎಲ್‌ಡ್ಯಾಪ್, ಆಪರೇಟಿಂಗ್ ಸಿಸ್ಟಮ್ ಉಬುಂಟು. ಉಬುಂಟು 22.04ರಲ್ಲಿ ಓಪನ್‌ಎಲ್‌ಡ್ಯಾಪ್ 2.5 ಬರುತ್ತದೆ, 24.04ರಲ್ಲಿ 2.6. ರೆಡ್ ಹ್ಯಾಟ್ ಬಳಸುವವರು ಒಂದು ವಿಷಯ ಗಮನಿಸಿ: ಅದರ 8ನೇ ಆವೃತ್ತಿಯಿಂದ ಓಪನ್‌ಎಲ್‌ಡ್ಯಾಪ್ ಸರ್ವರ್ ಪ್ಯಾಕೇಜ್ ಇಲ್ಲ, 389 ಡೈರೆಕ್ಟರಿ ಸರ್ವರ್ ಮಾತ್ರ ಇದೆ. ಅದರಲ್ಲಿ ಸೆಟ್ಟಿಂಗ್‌ಗಳ ಹೆಸರು ಬೇರೆ. ವರ್ಚುವಲ್ ಐಪಿ, ಅಪ್ಲಿಕೇಶನ್, ಪರೀಕ್ಷೆ, ಈ ಮೂರು ಭಾಗಗಳು ಅಲ್ಲಿಗೂ ಹೆಚ್ಚುಕಡಿಮೆ ಹೀಗೇ ಹೊಂದುತ್ತವೆ.

ಕಟ್ಟಬೇಕಾದದ್ದು ಏನು

ಮೂರು ಸರ್ವರ್. ಮೊದಲ ಎರಡು ಬಳ್ಳಾರಿಯಲ್ಲಿ, ಒಂದೇ ನೆಟ್‌ವರ್ಕ್‌ನಲ್ಲಿ. ಅವಕ್ಕೆ ತುಂಗಾ, ಭದ್ರಾ ಎಂದು ಹೆಸರಿಟ್ಟಿದ್ದೇವೆ. ಮೂರನೆಯದು ಕೊಪ್ಪಳದ ಕಾರ್ಖಾನೆಯಲ್ಲಿ, ಅದರ ಹೆಸರು ಪಂಪಾ. ತುಂಗಾ ಮತ್ತು ಭದ್ರಾ ಒಂದರ ಬದಲಾವಣೆಯನ್ನು ಇನ್ನೊಂದು ಎಳೆದುಕೊಳ್ಳುತ್ತವೆ. ಇವೆರಡರ ಮುಂದೆ ಒಂದು ವರ್ಚುವಲ್ ಐಪಿ ಇರುತ್ತದೆ. ತುಂಗಾ ಚೆನ್ನಾಗಿದ್ದಾಗ ಆ ಐಪಿ ತುಂಗಾದಲ್ಲಿ, ಅದು ಬಿದ್ದರೆ ಭದ್ರಾದಲ್ಲಿ. ಪಂಪಾ ಓದಲು ಮಾತ್ರ. ಬಳ್ಳಾರಿಯ ಲೈನ್ ಕಟ್ ಆದರೂ ಕಾರ್ಖಾನೆಯ ಲಾಗಿನ್ ನಡೆಯಬೇಕು, ಅದಕ್ಕಾಗಿ ಅದು ಅಲ್ಲಿದೆ.

ಎರಡೂ ಸರ್ವರ್‌ಗೆ ಒಟ್ಟಿಗೆ ಬರೆಯಲು ಬಿಡಬಹುದಲ್ವಾ ಎಂದು ಕೇಳುತ್ತಾರೆ. ತಾಂತ್ರಿಕವಾಗಿ ಬಿಡಬಹುದು. ನಾನು ಬೇಡ ಎನ್ನುತ್ತೇನೆ. ಓಪನ್‌ಎಲ್‌ಡ್ಯಾಪ್‌ನಲ್ಲಿ ಬದಲಾವಣೆ ಎಳೆದುಕೊಳ್ಳುವ ವ್ಯವಸ್ಥೆಗೆ ಸಿಂಕ್‌ರೆಪ್ಲ್ ಎಂದು ಹೆಸರು. ಮಾಮೂಲಿ ಸಿಂಕ್‌ರೆಪ್ಲ್‌ನಲ್ಲಿ ಒಂದು ಎಂಟ್ರಿ (ಒಬ್ಬರ ಅಥವಾ ಒಂದು ಗುಂಪಿನ ದಾಖಲೆ) ಬದಲಾದರೆ ಆ ಎಂಟ್ರಿಯೇ ಇಡಿಯಾಗಿ ಆಚೆ ಹೋಗುತ್ತದೆ. ಇಬ್ಬರು ಅಡ್ಮಿನ್‌ಗಳು ಒಂದೇ ಹೊತ್ತಿಗೆ ಒಂದೇ ಗುಂಪಿಗೆ ಬೇರೆ ಬೇರೆ ಜನರನ್ನು ಸೇರಿಸಿದರು ಎಂದಿಟ್ಟುಕೊಳ್ಳಿ. ಒಬ್ಬರು ತುಂಗಾದಲ್ಲಿ, ಇನ್ನೊಬ್ಬರು ಭದ್ರಾದಲ್ಲಿ. ಯಾರದು ಆಮೇಲಿನದೋ ಅದು ಉಳಿಯುತ್ತದೆ, ಇನ್ನೊಂದು ಸದ್ದಿಲ್ಲದೆ ಅಳಿಯುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ. ಅದಕ್ಕೇ ಬರೆಯುವುದು ಯಾವಾಗಲೂ ವರ್ಚುವಲ್ ಐಪಿ ಮೂಲಕ, ಒಂದು ಹೊತ್ತಿಗೆ ಒಂದೇ ಸರ್ವರ್‌ಗೆ.

ಹೆಜ್ಜೆ 1: ಯಾರ್ಯಾರು ಬಂದು ಕೇಳುತ್ತಿದ್ದಾರೆ, ಪಟ್ಟಿ ಮಾಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಈಗಿರುವ ಸರ್ವರ್‌ನಲ್ಲಿ ಲಾಗ್ ಲೆವೆಲ್ ಅನ್ನು ಸ್ಟ್ಯಾಟ್ಸ್‌ಗೆ ಇಡಿ. ಪ್ರತಿ ಕನೆಕ್ಷನ್ ಯಾವ ಐಪಿಯಿಂದ ಬಂತು ಎಂಬುದು ಲಾಗ್‌ನಲ್ಲಿ ಬೀಳುತ್ತದೆ. ಒಂದು ವಾರ ಸಾಲದು, ಪೂರ್ತಿ ತಿಂಗಳು ಬಿಡಿ. ಸಂಬಳದ ಸಾಫ್ಟ್‌ವೇರ್ ತಿಂಗಳ ಕೊನೆಯಲ್ಲಿ ಮಾತ್ರ ಎದ್ದು ಕೂರುತ್ತದೆ.

ನಮ್ಮ ಪಟ್ಟಿಯಲ್ಲಿ ಗೊತ್ತಿದ್ದವು ಇಆರ್‌ಪಿ (ಕಂಪನಿಯ ವ್ಯವಹಾರ ನಡೆಸುವ ಸಾಫ್ಟ್‌ವೇರ್), ಮೇಲ್, ವಿಪಿಎನ್, ಕಾಟಾ, ಹಾಜರಿ. ಗೊತ್ತಿಲ್ಲದೇ ಸಿಕ್ಕವು ಎರಡು ಪ್ರಿಂಟರ್, ಒಂದು ವೈಫೈ ಕಂಟ್ರೋಲರ್, ಮತ್ತೆ ಲ್ಯಾಬ್‌ನ ಹಳೆಯ ಕಂಪ್ಯೂಟರ್. ಪ್ರತಿಯೊಂದರ ಮುಂದೆ ನಾಲ್ಕು ವಿಷಯ ಬರೆಯಿರಿ. ಐಪಿ ಹಾಕಿದ್ದಾರೋ ಹೆಸರು ಹಾಕಿದ್ದಾರೋ? ಓದುತ್ತದೆಯೋ ಬರೆಯುತ್ತದೆಯೋ? ಮಾಮೂಲಿ ಪೋರ್ಟ್ 389ರಲ್ಲೋ, ಎನ್‌ಕ್ರಿಪ್ಟ್ ಆದ 636ರಲ್ಲೋ? ಅದರ ಪಾಸ್‌ವರ್ಡ್ ಯಾರ ಹತ್ತಿರ ಇದೆ? ಕೊನೆಯ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ ನನಗೆ ಎರಡು ವಾರ ಹಿಡಿಯಿತು.

ಹೆಜ್ಜೆ 2: ಯಂತ್ರ, ಕರೆಂಟ್, ಗಡಿಯಾರ

ಬಳ್ಳಾರಿ, ರಾಯಚೂರಿನ ಬೇಸಿಗೆ ನಿಮಗೆ ಗೊತ್ತೇ ಇದೆ. 40 ಡಿಗ್ರಿ ದಾಟಿದ ದಿನ ಎಸಿ ನಿಂತರೆ ಸಣ್ಣ ಸರ್ವರ್ ಕೋಣೆ ಅರ್ಧ ಗಂಟೆಯೂ ತಾಳುವುದಿಲ್ಲ. ಹಾಗಾಗಿ ತುಂಗಾ, ಭದ್ರಾ ಎರಡನ್ನೂ ಒಂದೇ ರ‍್ಯಾಕ್‌ನಲ್ಲಿ ಇಡಬೇಡಿ. ಒಂದೇ ಯುಪಿಎಸ್‌ಗೂ ಹಾಕಬೇಡಿ. ಸಾಧ್ಯವಾದರೆ ಬೇರೆ ಕೋಣೆ, ಬೇರೆ ಎಸಿ, ಬೇರೆ ಸ್ವಿಚ್. ನೆಟ್‌ವರ್ಕ್ ಮಾತ್ರ ಒಂದೇ ಇರಬೇಕು. ವರ್ಚುವಲ್ ಮಷೀನ್ ಆಗಿದ್ದರೆ ಎರಡೂ ಒಂದೇ ಹೋಸ್ಟ್ ಮೇಲೆ ಸೇರದಂತೆ ರೂಲ್ ಹಾಕಿ. ಡಿಎನ್‌ಎಸ್ ಕೂಡ ತುಂಗಾದಲ್ಲೇ ಓಡುತ್ತಿದ್ದರೆ ಮೊದಲು ಅದಕ್ಕೆ ಬೇರೆ ಜಾಗ ಮಾಡಿ. ಇಲ್ಲದಿದ್ದರೆ ತುಂಗಾ ಬಿದ್ದಾಗ ಭದ್ರಾದ ಹೆಸರೂ ಸಿಗುವುದಿಲ್ಲ.

ಗಡಿಯಾರಕ್ಕೆ ಮೂರರಲ್ಲೂ ಕ್ರೋನಿ ಹಾಕಿ, ಒಂದೇ ಮೂಲದಿಂದ ಸಮಯ ತೆಗೆದುಕೊಳ್ಳಲಿ. ಓಪನ್‌ಎಲ್‌ಡ್ಯಾಪ್ ಪ್ರತಿ ಬದಲಾವಣೆಗೂ ಸಿಎಸ್‌ಎನ್ ಎಂಬ ಗುರುತು ಹಚ್ಚುತ್ತದೆ. ಅದರ ಮುಖ್ಯ ಭಾಗವೇ ಸಮಯ. ಯಾವುದು ಹೊಸದು ಎಂದು ತೀರ್ಮಾನ ಆಗುವುದು ಇದರಿಂದಲೇ. ಭದ್ರಾದ ಗಡಿಯಾರ ಐದು ನಿಮಿಷ ಮುಂದಿದ್ದರೆ, ಅದರಲ್ಲಿರುವ ಹಳೆಯ ಮಾಹಿತಿಯೇ ಹೊಸದು ಎನಿಸಿಕೊಂಡು ಗೆದ್ದುಬಿಡುತ್ತದೆ.

ಹೆಜ್ಜೆ 3: ಸರ್ಟಿಫಿಕೇಟ್

ವರ್ಚುವಲ್ ಐಪಿಗೆ ಒಂದು ಹೆಸರು ಕೊಡಿ, ನಾವು ಡೈರೆಕ್ಟರಿ ಎಂದೇ ಕೊಟ್ಟಿದ್ದೇವೆ. ಸರ್ಟಿಫಿಕೇಟ್ ಅಂದರೆ ನಾನು ಅದೇ ಸರ್ವರ್ ಎಂದು ಸರ್ವರ್ ತೋರಿಸುವ ಡಿಜಿಟಲ್ ಗುರುತು. ತುಂಗಾದ ಸರ್ಟಿಫಿಕೇಟ್‌ನಲ್ಲಿ ತುಂಗಾ, ಡೈರೆಕ್ಟರಿ ಎರಡೂ ಹೆಸರು ಇರಬೇಕು. ಭದ್ರಾದ್ದರಲ್ಲಿ ಭದ್ರಾ, ಡೈರೆಕ್ಟರಿ. ಇಲ್ಲದಿದ್ದರೆ ಐಪಿ ಆಚೆ ಹೋದ ಕ್ಷಣ ಅಪ್ಲಿಕೇಶನ್‌ಗಳು ಹೆಸರು ತಾಳೆಯಾಗುತ್ತಿಲ್ಲ ಎಂದು ತಿರಸ್ಕರಿಸುತ್ತವೆ.

ಎರಡೂ ಸರ್ಟಿಫಿಕೇಟ್‌ಗಳನ್ನು ಒಂದೇ ದಿನ ಮಾಡಿಸಬೇಡಿ. ಒಂದೇ ದಿನ ಹುಟ್ಟಿದ್ದು ಒಂದೇ ದಿನ ಸಾಯುತ್ತದೆ. ಆಗ ಎರಡು ಸರ್ವರ್ ಇದ್ದೂ ಲಾಗಿನ್ ಇರುವುದಿಲ್ಲ. ಎರಡು ತಿಂಗಳ ಅಂತರ ಇಡಿ.

ಹೆಜ್ಜೆ 4: ತುಂಗಾ, ಭದ್ರಾ ನಡುವೆ ರೆಪ್ಲಿಕೇಶನ್

ಮೊದಲು ತುಂಗಾದ ಪೂರ್ತಿ ಡೇಟಾ ಭದ್ರಾಕ್ಕೆ ಹೋಗಬೇಕು. ತುಂಗಾದಲ್ಲಿ ಸ್ಲ್ಯಾಪ್‌ಕ್ಯಾಟ್ ಓಡಿಸಿ ಫೈಲ್ ತೆಗೆಯಿರಿ. ಭದ್ರಾದಲ್ಲಿ ಸ್ಲ್ಯಾಪ್‌ಡಿ (ಓಪನ್‌ಎಲ್‌ಡ್ಯಾಪ್‌ನ ಸರ್ವರ್ ಪ್ರೋಗ್ರಾಂ) ನಿಲ್ಲಿಸಿ, ಖಾಲಿ ಡೇಟಾಬೇಸ್‌ಗೆ ಸ್ಲ್ಯಾಪ್‌ಆ್ಯಡ್ ಮೂಲಕ ತುಂಬಿ. ರೂಟ್ ಆಗಿ ಓಡಿಸಿದ್ದರೆ ಫೈಲ್‌ಗಳ ಒಡೆತನ ರೂಟ್‌ಗೇ ಉಳಿದಿರುತ್ತದೆ. ಅದನ್ನು ಓಪನ್‌ಎಲ್‌ಡ್ಯಾಪ್ ಬಳಕೆದಾರನಿಗೆ ಬದಲಾಯಿಸಿ, ಇಲ್ಲದಿದ್ದರೆ ಸ್ಲ್ಯಾಪ್‌ಡಿ ಏಳುವುದಿಲ್ಲ.

ಇನ್ನು ಸೆಟ್ಟಿಂಗ್. ಎಲ್ಲವೂ ಸಿಎನ್ ಕಾನ್ಫಿಗ್ ಮರದಲ್ಲಿ (ಓಪನ್‌ಎಲ್‌ಡ್ಯಾಪ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗ), ಎಲ್‌ಡ್ಯಾಪ್‌ಮಾಡಿಫೈ ಕಮಾಂಡ್ ಮೂಲಕ.

ಸರ್ವರ್ ಐಡಿ: ತುಂಗಾಕ್ಕೆ 1, ಭದ್ರಾಕ್ಕೆ 2. ಎರಡೂ ಒಂದೇ ಆದರೆ, ಇದು ನನ್ನದೇ ಬದಲಾವಣೆ ಎಂದುಕೊಂಡು ಒಂದು ಸರ್ವರ್ ಇನ್ನೊಂದರದನ್ನು ತೆಗೆದುಕೊಳ್ಳುವುದೇ ಇಲ್ಲ.

ಸಿಂಕ್‌ಪ್ರೊವ್ ಓವರ್‌ಲೇ: ಬದಲಾವಣೆಗಳನ್ನು ಇನ್ನೊಂದು ಸರ್ವರ್‌ಗೆ ಒದಗಿಸುವುದು ಇದು. ಎರಡೂ ಕಡೆ ಮಾಡ್ಯೂಲ್ ಲೋಡ್ ಮಾಡಿ, ಮುಖ್ಯ ಡೇಟಾಬೇಸ್ ಮೇಲೆ ಹಾಕಿ. ಚೆಕ್‌ಪಾಯಿಂಟ್ 100 ಮತ್ತು 10 ಇಟ್ಟರೆ 100 ಬದಲಾವಣೆ ಅಥವಾ 10 ನಿಮಿಷ ದಾಟಿದ ಮೇಲೆ, ಎಲ್ಲಿಯವರೆಗೆ ಬಂದಿದೆ ಎಂಬ ಗುರುತನ್ನು ಡಿಸ್ಕ್‌ಗೆ ಬರೆಯುತ್ತದೆ. ಎಂಟ್ರಿ ಯುಯುಐಡಿ, ಎಂಟ್ರಿ ಸಿಎಸ್‌ಎನ್ ಎರಡಕ್ಕೂ ಇಂಡೆಕ್ಸ್ ಹಾಕಿ.

ರೆಪ್ಲಿಕೇಶನ್ ಖಾತೆ: ಇದಕ್ಕಾಗಿಯೇ ಬೇರೆ ಖಾತೆ ಮಾಡಿ. ಜನ ಜಾಸ್ತಿ ಎಡವುವುದು ಇಲ್ಲೇ, ಎರಡು ಕಡೆ.

ಮೊದಲನೆಯದು ಲಿಮಿಟ್. ಸ್ಲ್ಯಾಪ್‌ಡಿ ಒಂದು ಹುಡುಕಾಟಕ್ಕೆ ತಾನಾಗಿ ಕೊಡುವುದು 500 ಎಂಟ್ರಿ ಮಾತ್ರ. ರೆಪ್ಲಿಕೇಶನ್ ಖಾತೆಗೆ ಗಾತ್ರ, ಸಮಯ ಎರಡನ್ನೂ ಅನ್‌ಲಿಮಿಟೆಡ್ ಮಾಡಿ. ಪರೀಕ್ಷೆಗೆಂದು 50 ಜನರನ್ನು ಹಾಕಿ ಎಲ್ಲ ಸರಿ ಇದೆ ಎಂದುಕೊಂಡವರಿಗೆ ಅಸಲಿ ಡೈರೆಕ್ಟರಿಯಲ್ಲಿ ಇದು ಹೊಡೆಯುತ್ತದೆ.

ಎರಡನೆಯದು ಪಾಸ್‌ವರ್ಡ್ ಓದುವ ಹಕ್ಕು. ಆಕ್ಸೆಸ್ ನಿಯಮದಲ್ಲಿ ಯೂಸರ್ ಪಾಸ್‌ವರ್ಡ್ ಅನ್ನು ಸಾಮಾನ್ಯವಾಗಿ ಎಲ್ಲರಿಂದ ಮುಚ್ಚಿಟ್ಟಿರುತ್ತೇವೆ. ರೆಪ್ಲಿಕೇಶನ್ ಖಾತೆಗೆ ಅದನ್ನು ಓದಲು ಬಿಡದಿದ್ದರೆ ಭದ್ರಾಕ್ಕೆ ಹೆಸರುಗಳು ಬರುತ್ತವೆ, ಪಾಸ್‌ವರ್ಡ್ ಬರುವುದಿಲ್ಲ. ಎಣಿಕೆ ಮಾಡಿದರೆ ಎರಡೂ ಕಡೆ ಲೆಕ್ಕ ಸರಿಹೋಗುತ್ತದೆ. ಫೇಲ್‌ಓವರ್ ಆದ ದಿನ ಮಾತ್ರ ಹೊಸಬರಿಗೆ, ಪಾಸ್‌ವರ್ಡ್ ಬದಲಿಸಿದವರಿಗೆ ಲಾಗಿನ್ ಆಗುವುದಿಲ್ಲ. ಹಾಗಾಗಿ ಎಣಿಕೆ ನಂಬಬೇಡಿ. ತುಂಗಾದಲ್ಲಿ ಒಂದು ಪರೀಕ್ಷಾ ಖಾತೆ ಮಾಡಿ, ಅದರ ಹೆಸರು ಮತ್ತು ಪಾಸ್‌ವರ್ಡ್ ಬಳಸಿ ಭದ್ರಾಕ್ಕೆ ನೇರವಾಗಿ ಬೈಂಡ್ (ಅಂದರೆ ಲಾಗಿನ್) ಮಾಡಿ ನೋಡಿ.

ಸಿಂಕ್‌ರೆಪ್ಲ್: ತುಂಗಾದಲ್ಲಿ ಭದ್ರಾದ ವಿಳಾಸ, ಭದ್ರಾದಲ್ಲಿ ತುಂಗಾದ ವಿಳಾಸ ಕೊಡಿ. ಇಲ್ಲಿ ವರ್ಚುವಲ್ ಐಪಿ ಕೊಡಬಾರದು, ಕೊಟ್ಟರೆ ಸರ್ವರ್ ತನ್ನನ್ನೇ ಕೇಳಿಕೊಳ್ಳುತ್ತದೆ. ಬಗೆಯನ್ನು ರಿಫ್ರೆಶ್ ಆ್ಯಂಡ್ ಪರ್ಸಿಸ್ಟ್ ಎಂದು ಇಡಿ, ಬದಲಾವಣೆ ಆದ ಕೂಡಲೇ ಆಚೆ ಹೋಗುತ್ತದೆ. ರಿಟ್ರೈ ಜಾಗದಲ್ಲಿ ನಾನು ಬರೆಯುವುದು 5 12 60 ಮತ್ತು ಕೊನೆಗೆ ಪ್ಲಸ್ ಚಿಹ್ನೆ. 5 ಸೆಕೆಂಡಿಗೊಮ್ಮೆ 12 ಸಲ, ಆಮೇಲೆ 60 ಸೆಕೆಂಡಿಗೊಮ್ಮೆ ಬಿಡದೆ ಪ್ರಯತ್ನಿಸು ಎಂದು ಅದರ ಅರ್ಥ. ಪ್ಲಸ್ ಬದಲು ಒಂದು ಸಂಖ್ಯೆ ಬರೆದರೆ ಅಷ್ಟು ಸಲ ಆದ ಮೇಲೆ ಕೈಬಿಡುತ್ತದೆ.

ಕೊನೆಗೆ ಮಲ್ಟಿ ಪ್ರೊವೈಡರ್ ಅನ್ನು ಟ್ರೂ ಮಾಡಿ. 2.4ರಲ್ಲಿ ಇದೇ ಸೆಟ್ಟಿಂಗ್‌ಗೆ ಮಿರರ್ ಮೋಡ್ ಎಂಬ ಹೆಸರಿತ್ತು. ಅದಿಲ್ಲದಿದ್ದರೆ ಸಿಂಕ್‌ರೆಪ್ಲ್ ಇರುವ ಸರ್ವರ್ ಬರೆಯಲು ಬಿಡುವುದಿಲ್ಲ.

ಈಗ ಎರಡೂ ಸರ್ವರ್‌ನಲ್ಲಿ ಬುಡದ ಎಂಟ್ರಿಯ ಕಾಂಟೆಕ್ಸ್ಟ್ ಸಿಎಸ್‌ಎನ್ ಕೇಳಿ, ಅಂದರೆ ಆ ಸರ್ವರ್‌ಗೆ ತಲುಪಿದ ಕೊನೆಯ ಬದಲಾವಣೆಯ ಗುರುತು. ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಬರಬೇಕು. ತುಂಗಾದಲ್ಲಿ ಒಂದು ಫೋನ್ ನಂಬರ್ ಬದಲಾಯಿಸಿ, ಭದ್ರಾದಲ್ಲಿ ನೋಡಿ. ಆಮೇಲೆ ತಿರುಗಿಸಿ, ಭದ್ರಾದಲ್ಲಿ ಬದಲಾಯಿಸಿ ತುಂಗಾದಲ್ಲಿ ನೋಡಿ. ಈ ಎರಡನೇ ದಿಕ್ಕನ್ನು ಬಹಳ ಜನ ನೋಡುವುದೇ ಇಲ್ಲ. ಫೇಲ್‌ಓವರ್ ಮುಗಿದು ವಾಪಸ್ ಬರುವಾಗ ಬೇಕಾಗುವುದು ಇದೇ.

ಡೇಟಾಬೇಸ್‌ನ ಗರಿಷ್ಠ ಗಾತ್ರವನ್ನೂ ಈಗಲೇ ನೋಡಿಬಿಡಿ. ಓಪನ್‌ಎಲ್‌ಡ್ಯಾಪ್ ಬಳಸುವ ಎಂಡಿಬಿ ಡೇಟಾಬೇಸ್‌ನಲ್ಲಿ ಏನೂ ಹೇಳದಿದ್ದರೆ ಸಿಗುವುದು 10 ಎಂಬಿ ಮಾತ್ರ. ಅದು ತುಂಬಿದರೆ ಓದುವುದು ನಡೆಯುತ್ತದೆ, ಬರೆಯುವುದು ನಿಲ್ಲುತ್ತದೆ. ಎರಡೂ ಕಡೆ ಒಂದೇ ಗಾತ್ರ ಕೊಡಿ, ಧಾರಾಳವಾಗಿ ಕೊಡಿ.

ಹೆಜ್ಜೆ 5: ವರ್ಚುವಲ್ ಐಪಿ

ಇದಕ್ಕೆ ಕೀಪ್‌ಅಲೈವ್‌ಡಿ ಎಂಬ ಪ್ರೋಗ್ರಾಂ ಸಾಕು. ತುಂಗಾ 192.168.10.21, ಭದ್ರಾ 192.168.10.22, ವರ್ಚುವಲ್ ಐಪಿ 192.168.10.20 ಎಂದಿಟ್ಟುಕೊಳ್ಳೋಣ. ತುಂಗಾದ ಪ್ರಯಾರಿಟಿ 150, ಭದ್ರಾದ್ದು 100. ವರ್ಚುವಲ್ ರೂಟರ್ ಐಡಿ ಎರಡರಲ್ಲೂ ಒಂದೇ, ಆದರೆ ನಿಮ್ಮ ನೆಟ್‌ವರ್ಕ್‌ನಲ್ಲಿ ಬೇರೆ ಯಾರೂ ಬಳಸದ ಸಂಖ್ಯೆ. ಬದುಕಿದ್ದೇನೆ ಎಂದು ಹೇಳುವ ಪ್ರಕಟಣೆ 1 ಸೆಕೆಂಡಿಗೊಮ್ಮೆ. ತುಂಗಾ ಪೂರ್ತಿ ಸತ್ತರೆ ನಾಲ್ಕು ಸೆಕೆಂಡ್‌ನೊಳಗೆ ಭದ್ರಾ ಐಪಿ ಎತ್ತಿಕೊಳ್ಳುತ್ತದೆ.

ಎರಡರಲ್ಲೂ ಆರಂಭದ ಸ್ಥಿತಿಯನ್ನು ಬ್ಯಾಕಪ್ ಎಂದೇ ಇಡಿ, ನೋ ಪ್ರಿಎಂಪ್ಟ್ ಹಾಕಿ. ಹೀಗೆ ಮಾಡಿದರೆ ಬಿದ್ದ ತುಂಗಾ ಎದ್ದ ಕೂಡಲೇ ಐಪಿಯನ್ನು ಕಿತ್ತುಕೊಳ್ಳುವುದಿಲ್ಲ. ತುಂಗಾ ಬಿದ್ದಿದ್ದ ಒಂದು ಗಂಟೆಯ ಬದಲಾವಣೆಗಳೆಲ್ಲ ಭದ್ರಾದಲ್ಲಿವೆ. ತುಂಗಾ ಅವನ್ನು ಎಳೆದುಕೊಳ್ಳುವ ಮೊದಲೇ ಕೆಲಸಕ್ಕೆ ಕೂತರೆ ಹಳೆಯ ಪಾಸ್‌ವರ್ಡ್ ಹೇಳುತ್ತದೆ. ಕರೆಂಟ್ ಹೋಗಿ ಬಂದು ಮಾಡುವ ದಿನಗಳಲ್ಲಿ ಐಪಿ ಆ ಕಡೆ ಈ ಕಡೆ ಓಡಾಡುವುದೂ ಇದರಿಂದ ತಪ್ಪುತ್ತದೆ.

ಫೈರ್‌ವಾಲ್ ಬಗ್ಗೆ ಎಚ್ಚರ. ಈ ಪ್ರಕಟಣೆ ಸಾಗುವ ವಿಆರ್‌ಆರ್‌ಪಿಗೆ ಪೋರ್ಟ್ ಇಲ್ಲ, ಅದು ಐಪಿ ಪ್ರೋಟೋಕಾಲ್ 112. ಅದನ್ನು ಬಿಡದಿದ್ದರೆ ಒಂದರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ. ಎರಡೂ ನಾನೇ ಯಜಮಾನ ಎಂದುಕೊಂಡು ಎರಡೂ ಐಪಿ ಹಿಡಿಯುತ್ತವೆ. ವರ್ಚುವಲ್ ಮಷೀನ್‌ಗಳಲ್ಲಿ ಮಲ್ಟಿಕಾಸ್ಟ್ ಹಾದುಹೋಗದಿದ್ದರೆ ಯುನಿಕಾಸ್ಟ್ ಪಿಯರ್ ಬಳಸಿ, ಪರಸ್ಪರ ಐಪಿ ಬರೆಯಿರಿ. ಹಾಕಿದ ಮೇಲೆ ಎರಡೂ ಸರ್ವರ್‌ನಲ್ಲಿ ಐಪಿ ಪಟ್ಟಿ ನೋಡಿ. 20 ಎಂಬುದು ಒಂದೇ ಕಡೆ ಕಾಣಬೇಕು.

ಇನ್ನು ಹೆಲ್ತ್ ಚೆಕ್. ಇಡೀ ಫೇಲ್‌ಓವರ್‌ನ ಜೀವ ಇದರಲ್ಲಿದೆ. ಪೋರ್ಟ್ 389 ತೆರೆದಿದೆಯಾ ಎಂದು ಮಾತ್ರ ನೋಡುವ ಚೆಕ್ ಹಾಕಬೇಡಿ. ಸ್ಲ್ಯಾಪ್‌ಡಿ ಒಳಗೆ ಹೆಪ್ಪುಗಟ್ಟಿ ಕೂತಿದ್ದರೂ ಕರ್ನಲ್ ಕನೆಕ್ಷನ್ ಸ್ವೀಕರಿಸುತ್ತಲೇ ಇರುತ್ತದೆ. ಚೆಕ್ ಹಸಿರು ತೋರಿಸುತ್ತದೆ, ಕಾಟಾದಲ್ಲಿ ಲಾರಿ ನಿಂತಿರುತ್ತದೆ. ರೂಟ್ ಡಿಎಸ್‌ಇ (ಸರ್ವರ್ ತನ್ನ ಬಗ್ಗೆ ತಾನೇ ಹೇಳುವ ಎಂಟ್ರಿ) ಕೇಳುವುದೂ ಸಾಲದು, ಡೇಟಾಬೇಸ್ ಕೆಟ್ಟಿದ್ದರೂ ಅದು ಉತ್ತರ ಕೊಡಬಲ್ಲದು. ಅದಕ್ಕೆಂದೇ ಒಂದು ಸಣ್ಣ ಎಂಟ್ರಿ ಮಾಡಿಟ್ಟುಕೊಳ್ಳಿ. ಎಲ್‌ಡ್ಯಾಪ್‌ಸರ್ಚ್ ಮೂಲಕ ಆ ಎಂಟ್ರಿಯನ್ನೇ ಕೇಳಿ. ಇಡೀ ಕಮಾಂಡ್ ಅನ್ನು ಟೈಮ್‌ಔಟ್ 2 ಸೆಕೆಂಡ್‌ನೊಳಗೆ ಕಟ್ಟಿಹಾಕಿ. 2 ಸೆಕೆಂಡಿಗೊಮ್ಮೆ ಓಡಲಿ, ಸತತ 3 ಸಲ ಸೋತರೆ ಬಿದ್ದಂತೆ, ಸತತ 2 ಸಲ ಗೆದ್ದರೆ ಎದ್ದಂತೆ. ಈ ಸ್ಕ್ರಿಪ್ಟ್‌ಗೆ ವೇಟ್ (ಪ್ರಯಾರಿಟಿ ಏರಿಳಿಸುವ ತೂಕ) ಕೊಡಬೇಡಿ. ಕೊಡದಿದ್ದರೆ ಚೆಕ್ ಸೋತ ಸರ್ವರ್ ಫಾಲ್ಟ್ ಸ್ಥಿತಿಗೆ ಹೋಗಿ ಐಪಿಯನ್ನು ತಾನೇ ಬಿಡುತ್ತದೆ.

ಹೆಜ್ಜೆ 6: ಕೊಪ್ಪಳದ ಪಂಪಾ

ವರ್ಚುವಲ್ ಐಪಿ ಒಂದೇ ನೆಟ್‌ವರ್ಕ್‌ನೊಳಗೆ ಓಡಾಡುವಂಥದ್ದು. ಬಳ್ಳಾರಿಯಿಂದ ಕೊಪ್ಪಳಕ್ಕೆ ಅದು ಹಾರುವುದಿಲ್ಲ. ಹೊಸಪೇಟೆ ಮೇಲೆ ಹಾದು ಬರುವ ಆ ದಾರಿಯಲ್ಲಿ ಎಲ್ಲೋ ಒಂದು ಕಡೆ ಜೆಸಿಬಿ ಅಗೆದರೆ ಫೈಬರ್ ಹೋಯಿತು. ಆದ್ದರಿಂದ ಕಾರ್ಖಾನೆಯಲ್ಲಿ ಒಂದು ಪ್ರತಿ ಬೇಕೇ ಬೇಕು.

ಪಂಪಾದ ಸಿಂಕ್‌ರೆಪ್ಲ್‌ಗೆ ವರ್ಚುವಲ್ ಐಪಿಯ ಹೆಸರನ್ನೇ ಕೊಡಿ. ತುಂಗಾ ಇರಲಿ, ಭದ್ರಾ ಇರಲಿ, ಯಾರು ಕೆಲಸದಲ್ಲಿದ್ದಾರೋ ಅವರಿಂದ ಎಳೆಯುತ್ತದೆ. ಮಲ್ಟಿ ಪ್ರೊವೈಡರ್ ಇಲ್ಲಿ ಬೇಡ. ಸಿಂಕ್‌ರೆಪ್ಲ್‌ನ ಕೀಪ್‌ಅಲೈವ್ ಎಂಬ ಆಯ್ಕೆಯನ್ನು ಮಾತ್ರ ಮರೆಯಬೇಡಿ, ನಾನು 240:10:30 ಇಡುತ್ತೇನೆ. 240 ಸೆಕೆಂಡ್ ಸದ್ದಿಲ್ಲದಿದ್ದರೆ 30 ಸೆಕೆಂಡಿಗೊಮ್ಮೆ 10 ಸಲ, ಆಚೆಯವರು ಇದ್ದಾರಾ ಎಂದು ನೋಡು ಎಂದು ಅದರ ಅರ್ಥ. ನಡುವಿನ ಫೈರ್‌ವಾಲ್‌ಗಳು ಸುಮ್ನೆ ಕೂತ ಕನೆಕ್ಷನ್‌ಗಳನ್ನು ಹೇಳದೆ ಕೇಳದೆ ಕತ್ತರಿಸುತ್ತವೆ. ಪಂಪಾಗೆ ಅದು ಗೊತ್ತಾಗುವುದಿಲ್ಲ. ಇನ್ನೂ ಜೋಡಿಸಿಕೊಂಡೇ ಇದ್ದೇನೆ ಎಂದುಕೊಂಡು ದಿನಗಟ್ಟಲೆ ಹಳೆಯ ಮಾಹಿತಿ ಹಂಚುತ್ತದೆ.

ಪಂಪಾಗೆ ಯಾರಾದರೂ ಬರೆಯಲು ಬಂದರೆ ವರ್ಚುವಲ್ ಐಪಿ ತೋರಿಸುವಂತೆ ಅಪ್‌ಡೇಟ್ ರೆಫ್ ಹಾಕಿ. ಆದರೆ ಅದನ್ನು ನೆಚ್ಚಿಕೊಳ್ಳಬೇಡಿ. ಆ ಸೂಚನೆ ಹಿಡಿದು ಆಚೆ ಹೋಗುವ ಅಪ್ಲಿಕೇಶನ್‌ಗಳು ಕಡಿಮೆ. ಪಾಸ್‌ವರ್ಡ್ ಬದಲಿಸುವ ಪುಟ ನೇರ ಬಳ್ಳಾರಿಗೇ ಹೋಗಲಿ.

ಹೆಜ್ಜೆ 7: ಅಪ್ಲಿಕೇಶನ್‌ಗಳನ್ನು ತಿರುಗಿಸುವುದು

ನಮ್ಮನ್ನು ಆವತ್ತು ಬೀಳಿಸಿದ್ದು ಇದೇ ಹೆಜ್ಜೆ. ಮೊದಲ ಹೆಜ್ಜೆಯ ಪಟ್ಟಿ ತೆಗೆಯಿರಿ, ಒಂದೊಂದನ್ನಾಗಿ ಬದಲಾಯಿಸಿ.

ಬಳ್ಳಾರಿಯ ಅಪ್ಲಿಕೇಶನ್‌ಗಳಿಗೆ ವರ್ಚುವಲ್ ಐಪಿಯ ಹೆಸರು. ಬರೆಯುವ ಅಪ್ಲಿಕೇಶನ್ ಎಲ್ಲಿದ್ದರೂ ಅದೇ ಹೆಸರು, ಅದೊಂದೇ. ಕೊಪ್ಪಳದಲ್ಲಿ ಓದುವಂಥವಕ್ಕೆ ಮೊದಲು ಪಂಪಾ, ಆಮೇಲೆ ವರ್ಚುವಲ್ ಐಪಿ. ಪಟ್ಟಿ ಬರೆಯುವ ರೀತಿ ಒಂದೊಂದರಲ್ಲಿ ಒಂದೊಂದು ಥರ. ಲಿನಕ್ಸ್ ಕಂಪ್ಯೂಟರ್‌ನ ಲಾಗಿನ್ ನೋಡಿಕೊಳ್ಳುವ ಎಸ್‌ಎಸ್‌ಎಸ್‌ಡಿಯಲ್ಲಿ ಎಲ್‌ಡ್ಯಾಪ್ ಯುಆರ್‌ಐಗಳ (ಸರ್ವರ್ ವಿಳಾಸಗಳ) ನಡುವೆ ಅಲ್ಪವಿರಾಮ. ಜಾವಾದಲ್ಲಿ ಮತ್ತು ಎಲ್‌ಡ್ಯಾಪ್ ಕಾನ್ಫ್ ಫೈಲ್‌ನಲ್ಲಿ ಖಾಲಿ ಜಾಗ. ತಪ್ಪಾಗಿ ಬರೆದರೆ ಎರಡನೇ ಸರ್ವರ್ ಓದಿಸಿಕೊಳ್ಳುವುದೇ ಇಲ್ಲ. ಮೊದಲನೆಯದು ನಡೆಯುತ್ತಿರುವ ತನಕ ಆ ತಪ್ಪು ಗೊತ್ತೂ ಆಗುವುದಿಲ್ಲ.

ಎಸ್‌ಎಸ್‌ಎಸ್‌ಡಿಯಲ್ಲಿ ಬ್ಯಾಕಪ್ ಯುಆರ್‌ಐ ಎಂಬ ಬೇರೆ ಸೆಟ್ಟಿಂಗ್ ಇದೆ. ಅಲ್ಲಿ ಬರೆದ ಸರ್ವರ್‌ಗೆ ಹೋದ ಮೇಲೂ ಅದು ಮುಖ್ಯ ಸರ್ವರ್ ಬಂತಾ ಎಂದು ಆಗಾಗ ನೋಡುತ್ತಿರುತ್ತದೆ. ಪಂಪಾ ಮುಖ್ಯ, ಬಳ್ಳಾರಿ ಬ್ಯಾಕಪ್ ಎಂದು ಇಡಲು ಇದು ಒಳ್ಳೆಯದು. ಕಾಟಾದ ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಕ್ಯಾಶ್ ಕ್ರೆಡೆನ್ಶಿಯಲ್ಸ್ ಕೂಡ ಟ್ರೂ ಮಾಡಿ. ಒಮ್ಮೆ ಲಾಗಿನ್ ಆದವರು ಯಾವ ಸರ್ವರ್ ಸಿಗದಿದ್ದರೂ ಕಂಪ್ಯೂಟರ್‌ನೊಳಗೆ ಹೋಗಬಹುದು.

ಈಗ ಟೈಮ್‌ಔಟ್. ಪೂರ್ತಿ ಸತ್ತ ಸರ್ವರ್‌ಗಿಂತ ಅರೆಜೀವ ಆದ ಸರ್ವರ್ ಜಾಸ್ತಿ ಕಾಡುತ್ತದೆ. ಕಾರಣ ಹೇಳುತ್ತೇನೆ. ಉತ್ತರವೇ ಬಾರದ ವಿಳಾಸಕ್ಕೆ ಲಿನಕ್ಸ್ ತಾನಾಗಿ ಸುಮಾರು 127 ಸೆಕೆಂಡ್ ಕಾಯುತ್ತದೆ. ಜಾವಾ ಅಪ್ಲಿಕೇಶನ್‌ನಲ್ಲಿ ರೀಡ್ ಟೈಮ್‌ಔಟ್ ಕೊಡದಿದ್ದರೆ ಉತ್ತರ ಬರುವ ತನಕ ಕಾಯುತ್ತಲೇ ಇರುತ್ತದೆ, ಅದಕ್ಕೆ ಕೊನೆಯೇ ಇಲ್ಲ. ವರ್ಚುವಲ್ ಐಪಿ ಆರೆಂಟು ಸೆಕೆಂಡ್‌ನಲ್ಲಿ ಭದ್ರಾಕ್ಕೆ ಬಂದಿರುತ್ತದೆ. ಆದರೆ ಹಳೆಯ ಕನೆಕ್ಷನ್ ಮೇಲೆ ಪ್ರಶ್ನೆ ಕೇಳಿ ಕೂತಿರುವ ಇಆರ್‌ಪಿಗೆ ಅದು ಹೇಗೆ ಗೊತ್ತಾಗಬೇಕು? ಕನೆಕ್ಷನ್ ಜೊತೆಗೆ ಬರುವುದಿಲ್ಲ, ಐಪಿ ಮಾತ್ರ ಬರುತ್ತದೆ. ಒಂದೊಂದೇ ಥ್ರೆಡ್ ಹೀಗೆ ಸಿಕ್ಕಿಕೊಂಡು ಕೊನೆಗೆ ಇಆರ್‌ಪಿಯೇ ನಿಲ್ಲುತ್ತದೆ. ಕನೆಕ್ಟ್ ಟೈಮ್‌ಔಟ್ 2 ಸೆಕೆಂಡ್, ರೀಡ್ ಟೈಮ್‌ಔಟ್ 5 ಸೆಕೆಂಡ್ ಕೊಡಿ. ಕನೆಕ್ಷನ್ ಪೂಲ್ ಇದ್ದರೆ, ಬಳಸುವ ಮೊದಲು ಕನೆಕ್ಷನ್ ಬದುಕಿದೆಯಾ ಎಂದು ನೋಡುವ ಆಯ್ಕೆ ಆನ್ ಮಾಡಿ.

ಟೈಮ್‌ಔಟ್ ಹಾಕಲು ಜಾಗವೇ ಇಲ್ಲದ ಹಳೆಯ ಸಾಫ್ಟ್‌ವೇರ್ ಸಿಗುತ್ತದೆ. ಅದರ ಮುಂದೆ, ಫೇಲ್‌ಓವರ್ ಆದರೆ ಇದನ್ನು ರೀಸ್ಟಾರ್ಟ್ ಮಾಡಬೇಕು ಎಂದು ಪಟ್ಟಿಯಲ್ಲಿ ಬರೆದಿಡಿ. ನಮ್ಮಲ್ಲಿ ಅಂಥವು ಎರಡು ಇವೆ.

ಹೆಜ್ಜೆ 8: ಬೇಕೆಂದೇ ಬೀಳಿಸಿ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಯವರಿಗೆ 2024ರ ಆಗಸ್ಟ್ 10ರ ರಾತ್ರಿ ನೆನಪಿರುತ್ತದೆ. ತುಂಗಭದ್ರಾ ಜಲಾಶಯದ 33 ಗೇಟ್‌ಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಆ ಜಾಗಕ್ಕೆ ಇಳಿಸುವ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟ್) ತಯಾರಾಗಿ ಬಂದು ಕೂರುವ ಹೊತ್ತಿಗೆ ಒಂದು ವಾರ ಆಗಿತ್ತು. ಅಷ್ಟೂ ದಿನ ನಮ್ಮ ಬೆಳೆಯ ನೀರು ಹರಿದುಹೋಗುವುದನ್ನು ನೋಡುತ್ತಾ ಕೂತಿದ್ದೆವು. ನಮ್ಮ ಮ್ಯಾನೇಜ್‌ಮೆಂಟ್ ಮೊದಲ ಡ್ರಿಲ್‌ಗೆ ಒಪ್ಪಿದ್ದು ಅದಾದ ಮೇಲೆಯೇ. ಚೆನ್ನಾಗಿರೋ ಸರ್ವರ್ ಯಾಕೆ ಬೀಳಿಸಬೇಕು ಎಂದು ಅಲ್ಲಿಯವರೆಗೆ ಕೇಳುತ್ತಿದ್ದರು.

ಡ್ರಿಲ್‌ಗೆ ಶಿಫ್ಟ್ ಬದಲಾಗುವ ಹೊತ್ತು ಬೇಡ. ನಾವು ಬೆಳಿಗ್ಗೆ 11ಕ್ಕೆ ಮಾಡುತ್ತೇವೆ. ಸರ್ಕಾರಿ ಕಚೇರಿಗೆ ಇದನ್ನು ಕಟ್ಟುವವರಿಗೆ ಏಪ್ರಿಲ್, ಮೇ ಅನುಕೂಲ. ಆಗ ನಮ್ಮ ಕಡೆ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ, ಆಮೇಲೆ ಬೇಕಾದಷ್ಟು ಸಮಯ ಸಿಗುತ್ತದೆ. ಒಬ್ಬರು ಸರ್ವರ್ ಹತ್ತಿರ, ಒಬ್ಬರು ಕಾಟಾದಲ್ಲಿ, ಇಬ್ಬರ ಕೈಯಲ್ಲೂ ಫೋನ್. ಗಡಿಯಾರ ನೋಡಿ ಬರೆದುಕೊಳ್ಳಬೇಕಾದದ್ದು ಒಂದೇ ಸಂಖ್ಯೆ: ಕಾಟಾದಲ್ಲಿ ಲಾಗಿನ್ ಎಷ್ಟು ಸೆಕೆಂಡ್ ನಿಂತಿತು.

ಮೊದಲ ಸಲ ತುಂಗಾದಲ್ಲಿ ಸ್ಲ್ಯಾಪ್‌ಡಿ ನಿಲ್ಲಿಸಿ. ಇದು ಸುಲಭದ್ದು, ಎಲ್ಲರದೂ ಪಾಸಾಗುತ್ತದೆ.

ಎರಡನೇ ಸಲ ಸ್ಲ್ಯಾಪ್‌ಡಿಗೆ ಸ್ಟಾಪ್ ಸಿಗ್ನಲ್ ಕಳಿಸಿ, ಅಂದರೆ ಸಾಯಿಸದೆ ಹೆಪ್ಪುಗಟ್ಟಿಸಿ. ಪೋರ್ಟ್ ತೆರೆದಿರುತ್ತದೆ, ಉತ್ತರ ಇರುವುದಿಲ್ಲ. ನಿಮ್ಮ ಹೆಲ್ತ್ ಚೆಕ್ ಮತ್ತು ಟೈಮ್‌ಔಟ್‌ಗಳ ನಿಜ ಬಣ್ಣ ಇಲ್ಲಿ ಗೊತ್ತಾಗುತ್ತದೆ. ನಮ್ಮ ಮೊದಲ ಡ್ರಿಲ್‌ನಲ್ಲಿ ಇಆರ್‌ಪಿ ಇಲ್ಲೇ ನಿಂತುಬಿಟ್ಟಿತು. ರೀಡ್ ಟೈಮ್‌ಔಟ್ ಬರೆದಿದ್ದೆವು, ಆದರೆ ಬೇರೆ ಫೈಲ್‌ನಲ್ಲಿ. ಮುಗಿದ ಮೇಲೆ ಕಂಟಿನ್ಯೂ ಸಿಗ್ನಲ್ ಕಳಿಸಿ.

ಮೂರನೇ ಸಲ ತುಂಗಾದ ನೆಟ್‌ವರ್ಕ್ ಕೇಬಲ್ ಕೀಳಿ. ನಾಲ್ಕನೇ ಸಲ ಬಳ್ಳಾರಿ–ಕೊಪ್ಪಳ ಲಿಂಕ್ ಅನ್ನು ರೂಟರ್‌ನಲ್ಲಿ ಇಳಿಸಿ, ಕಾಟಾದಲ್ಲಿ ಲಾಗಿನ್ ಮಾಡಿಸಿ. ನಾಲ್ಕರಲ್ಲೂ ಹೊಸದಾಗಿ ಪಾಸ್‌ವರ್ಡ್ ಬದಲಿಸಿದ ಒಂದು ಖಾತೆ ಬಳಸಿ.

ವಾಪಸ್ ತರುವುದು

ತುಂಗಾ ರಿಪೇರಿಯಾಗಿ ಎದ್ದಿದೆ ಎಂದುಕೊಳ್ಳಿ. ಐಪಿ ಭದ್ರಾದಲ್ಲಿದೆ. ಅವಸರ ಬೇಡ, ಭದ್ರಾದಲ್ಲೇ ಎರಡು ದಿನ ಓಡಿದರೂ ಏನೂ ತೊಂದರೆಯಿಲ್ಲ. ಮೊದಲು ತುಂಗಾದ ಗಡಿಯಾರ ನೋಡಿ. ಬಹಳ ಹೊತ್ತು ಆಫ್ ಆಗಿದ್ದ ಯಂತ್ರ ತಪ್ಪು ಸಮಯ ಹಿಡಿದು ಎದ್ದಿರಬಹುದು. ಆಮೇಲೆ ಎರಡೂ ಕಡೆಯ ಕಾಂಟೆಕ್ಸ್ಟ್ ಸಿಎಸ್‌ಎನ್ ತಾಳೆ ನೋಡಿ. ಒಂದೇ ಬಂದ ಮೇಲೆ ತುಂಗಾಕ್ಕೆ ನೇರವಾಗಿ ಒಂದು ಬೈಂಡ್ ಮಾಡಿ. ಎಲ್ಲ ಸರಿ ಇದ್ದರೆ, ಲಾಗಿನ್ ಕಡಿಮೆ ಇರುವ ಹೊತ್ತಿನಲ್ಲಿ ಭದ್ರಾದ ಕೀಪ್‌ಅಲೈವ್‌ಡಿ ರೀಸ್ಟಾರ್ಟ್ ಮಾಡಿ. ಐಪಿ ತುಂಗಾಕ್ಕೆ ಬರುತ್ತದೆ.

ದಿನನಿತ್ಯದ ನಿಗಾ

ಐದು ನಿಮಿಷಕ್ಕೊಮ್ಮೆ ಮೂರೂ ಸರ್ವರ್‌ಗಳ ಕಾಂಟೆಕ್ಸ್ಟ್ ಸಿಎಸ್‌ಎನ್ ಹೋಲಿಸುವ ಸ್ಕ್ರಿಪ್ಟ್ ಹಾಕಿ, ಸತತ ಎರಡು ಸಲ ವ್ಯತ್ಯಾಸ ಬಂದರೆ ಮೆಸೇಜ್ ಬರಲಿ. ಸರ್ಟಿಫಿಕೇಟ್ ಮುಗಿಯಲು 30 ದಿನ ಇರುವಾಗ ಮೆಸೇಜ್. ಡಿಸ್ಕ್ 80 ಶೇಕಡಾ ತುಂಬಿದಾಗ ಮೆಸೇಜ್. ಐಪಿ ಭದ್ರಾಕ್ಕೆ ಹೋದಾಗಲೂ ಮೆಸೇಜ್ ಬೇಕು. ಫೇಲ್‌ಓವರ್ ಚೆನ್ನಾಗಿ ಆದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ತುಂಗಾ ತಿಂಗಳುಗಟ್ಟಲೆ ಬಿದ್ದಿರುತ್ತದೆ, ನೀವು ಒಂದೇ ಕಾಲಿನ ಮೇಲೆ ನಿಂತಿರುತ್ತೀರಿ.

ಬ್ಯಾಕಪ್ ಬೇರೆಯೇ ಬೇಕು. ತುಂಗಾದಲ್ಲಿ ಒಂದು ಶಾಖೆಯನ್ನು ತಪ್ಪಾಗಿ ಅಳಿಸಿದರೆ ಒಂದೇ ಸೆಕೆಂಡ್‌ನಲ್ಲಿ ಭದ್ರಾದಲ್ಲೂ ಪಂಪಾದಲ್ಲೂ ಅಳಿಸಿಹೋಗುತ್ತದೆ. ದಿನಾ ರಾತ್ರಿ ಸ್ಲ್ಯಾಪ್‌ಕ್ಯಾಟ್ ಎರಡು ಸಲ ಓಡಲಿ, ಸೆಟ್ಟಿಂಗ್‌ಗೆ ಒಮ್ಮೆ, ಡೇಟಾಕ್ಕೆ ಒಮ್ಮೆ. ಆ ಫೈಲ್‌ಗಳನ್ನು ಎನ್‌ಕ್ರಿಪ್ಟ್ ಮಾಡಿ ಬೇರೆ ಊರಿಗೆ ಕಳಿಸಿ, ಅವುಗಳಲ್ಲಿ ಪಾಸ್‌ವರ್ಡ್ ಹ್ಯಾಶ್ ಇರುತ್ತದೆ.

ತುಂಗಾ ಇರುವ ರ‍್ಯಾಕ್‌ನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇವೆ. ಮೂರು ಸರ್ವರ್‌ಗಳ ಐಪಿ, ರೀಸ್ಟಾರ್ಟ್ ಮಾಡಬೇಕಾದ ಆ ಎರಡು ಸಾಫ್ಟ್‌ವೇರ್‌ಗಳ ಹೆಸರು, ವಾಪಸ್ ತರುವ ಕ್ರಮ, ಅದರ ಕೆಳಗೆ ಡ್ರಿಲ್ ಮಾಡಿದ ದಿನ ಮತ್ತು ಕಾಟಾ ನಿಂತ ಸೆಕೆಂಡ್. ಮೊದಲ ಸಾಲಿನಲ್ಲಿ 340 ಎಂದಿದೆ, ಕೊನೆಯದರಲ್ಲಿ 9. ಮುಂದಿನ ಡ್ರಿಲ್ ಮಾರ್ಚ್‌ನಲ್ಲಿ, ಬಿಸಿಲು ಏರುವ ಮೊದಲು.